ಒದೆಯುವ ಕುದುರೆ: ಮೆರವಣಿಗೆಯವರಿಗೋ, ಸವಾರಿ ಶಾಲೆಗೋ, ತೋಟದವರಿಗೋ?

ಒದೆಯುವ ಕುದುರೆಯನ್ನು ಯಾರಿಗೆ ಮಾರುವುದು ಎಂದು ಯೋಚಿಸುತ್ತಿದ್ದೀರಾ? ದಾವಣಗೆರೆಯಲ್ಲಿ ಮದುವೆ ಮೆರವಣಿಗೆಯವರಿಗೆ ಮಾರಿದರೆ ಬೇಗ ದುಡ್ಡು ಬರಬಹುದು. ಆದರೆ ಬ್ಯಾಂಡು, ಪಟಾಕಿ ನಡುವೆ ಬೆದರಿ ಮದುಮಗನನ್ನೇ ಬೀಳಿಸಿದರೆ? ಅಲ್ಲಿಗೆ ಬೇಡವೇ ಬೇಡ.

ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಪಳಗಿದ ಕೈಗಳಿವೆ. ಆದರೆ ಕಲಿಯುವ ಮಕ್ಕಳಿಗೆ ಸಾಧು ಕುದುರೆಯೇ ಬೇಕು. ಲಾರಿಯಲ್ಲಿ ಸಾಗಿಸಲು ಪಶುವೈದ್ಯರ ಪ್ರಮಾಣಪತ್ರವೂ ಬೇಕು.

ನಾನಾದರೆ ಚಿತ್ರದುರ್ಗದ ಕಡೆ ತೋಟ ಇರುವ, ಕುದುರೆ ಸಾಕಿ ಗೊತ್ತಿರುವವರನ್ನು ಹುಡುಕುತ್ತೇನೆ. ದುಡ್ಡು ಕಡಿಮೆಯಾದರೂ ಪರವಾಗಿಲ್ಲ. ಸವಾರಿ ಬೇಡ, ಸುಮ್ನೆ ಮೇಯ್ದುಕೊಂಡಿರಲಿ ಎನ್ನುವವರಾದರೆ ಇನ್ನೂ ಒಳ್ಳೆಯದು. ಕುದುರೆ 25-30 ವರ್ಷ ಬದುಕುತ್ತದೆ, ಅಷ್ಟು ಕಾಲ ಮೇವು ಹಾಕುವವರೇ ಬೇಕು.

ಕೊಡುವ ಮೊದಲು ಹಲ್ಲು, ಬೆನ್ನು, ಗೊರಸು ಪಶುವೈದ್ಯರಿಗೆ ತೋರಿಸಿ. ಜೀನು ಬಿಗಿಯುವಾಗ ಕಿವಿ ಹಿಂದಕ್ಕೊತ್ತಿ ಕಚ್ಚಲು ಬಂದರೆ ನೋವಿರಬಹುದು, ಅಲ್ವಾ? ಒದೆಯುವುದನ್ನಂತೂ ಕೊಳ್ಳುವವರಿಂದ ಮುಚ್ಚಿಡಬೇಡಿ, ಬರೆದೇ ಕೊಡಿ.