ನೈಟ್ಸ್ ಆಫ್ ದಿ ರೌಂಡ್: ಮೂವರಿದ್ದರೆ ಮಾತ್ರ ತಗೊಳ್ಳಿ

ಒಬ್ಬರೇ ಆಡಲು ವಿಡಿಯೋ ಗೇಮ್ ಹುಡುಕುತ್ತಿದ್ದರೆ ನೈಟ್ಸ್ ಆಫ್ ದಿ ರೌಂಡ್ ಬಿಟ್ಟುಬಿಡಿ. ಪಕ್ಕದಲ್ಲಿ ಕೂತು ಜಗಳ ತೆಗೆಯಲು ಇನ್ನಿಬ್ಬರು ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ನಮ್ಮ ಮನೆಯಲ್ಲಿ ಅಂಥವರಿಗೆ ಬರವಿಲ್ಲ. ಒಬ್ಬಳು ಮಗಳು, ಇನ್ನೊಬ್ಬ ಅಣ್ಣನ ಮಗ. ಬಳ್ಳಾರಿಯ ಮೇ ತಿಂಗಳ ಬಿಸಿಲಲ್ಲಿ ಮಕ್ಕಳನ್ನು ಹೊರಗೆ ಬಿಡುವ ಮಾತೇ ಇಲ್ಲ. ಭಾನುವಾರ ಕೌಲ್ ಬಜಾರ್‌ನ ನನ್ನ ಜೀನ್ಸ್ ಹೊಲಿಗೆ ಕೆಲಸಕ್ಕೂ ರಜೆ. ಮೂವರೂ ಕೂಲರ್ ಎದುರು ಕೂತರೆ ಸಂಜೆಯಾಗಿದ್ದೇ ಗೊತ್ತಾಗುವುದಿಲ್ಲ.

ಕ್ಯಾಪ್‌ಕಾಮ್ ಕಂಪನಿ ಇದನ್ನು 1991ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರಕ್ಕೆ ಮಾಡಿತ್ತು. ನಾವು ಆಡುತ್ತಿರುವುದು 2018ರಲ್ಲಿ ಬಂದ ಕ್ಯಾಪ್‌ಕಾಮ್ ಬೀಟ್ ಎಮ್ ಅಪ್ ಬಂಡಲ್‌ನಲ್ಲಿ. ಅದರಲ್ಲಿ ಒಟ್ಟು ಏಳು ಹಳೇ ಹೊಡೆದಾಟದ ಗೇಮ್ ಇವೆ. ನನ್ನ ವಯಸ್ಸಿನವರು ಮೊದಲು ಏನು ಕೇಳುತ್ತಾರೆ ಅಂತ ಗೊತ್ತು: ‘ಮುಸ್ತಫಾ ಇದೆಯಾ?’ ಇಲ್ಲ ರೀ. ನಾವೆಲ್ಲ ಮುಸ್ತಫಾ ಅಂತಲೇ ಕರೆಯುತ್ತಿದ್ದ ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್ ಗೇಮ್ ಇದರಲ್ಲಿ ಸೇರಿಲ್ಲ. ಆಗ ವಿಡಿಯೋ ಗೇಮ್ ಅಂಗಡಿಯಲ್ಲಿ ಮುಸ್ತಫಾ ಮುಂದೆ ಯಾವಾಗಲೂ ನೂಕುನುಗ್ಗಲು. ಪಕ್ಕದ ಈ ಯಂತ್ರ ಖಾಲಿ ಇರುತ್ತಿತ್ತು. ನನಗೆ ಇದರ ಹುಚ್ಚು ಹತ್ತಿದ್ದು ಹಾಗೆ.

ಕಥೆ ಸುಮ್ನೆ ನೆಪಕ್ಕೆ. ಮರ್ಲಿನ್ ಎಂಬ ಮಂತ್ರವಾದಿ ಪವಿತ್ರ ಪಾತ್ರೆ ತರಲು ಕಳಿಸುತ್ತಾನೆ, ಏಳು ಹಂತ ದಾಟಿದರೆ ಗರಿಬಾಲ್ಡಿ ಎಂಬ ರಾಜ ಸಿಗುತ್ತಾನೆ. ನಾವು ಆರಿಸಿಕೊಂಡು ಆಡುವ ವೀರರು ಮೂವರು. ಆರ್ಥರ್ ಎಲ್ಲದರಲ್ಲೂ ಮಧ್ಯಮ. ಲಾನ್ಸ್‌ಲಾಟ್ ಚುರುಕು, ಆದರೆ ಏಟಿನಲ್ಲಿ ದಮ್ಮಿಲ್ಲ. ಕೊಡಲಿ ಹಿಡಿದ ಪರ್ಸಿವಲ್ ನಿಧಾನ, ಅವನ ಏಟು ಬಿದ್ದರೆ ಮಾತ್ರ ಭಾರಿ. ಅಂಕ ಸೇರಿದಂತೆ ವೀರನ ಲೆವೆಲ್ ಏರುತ್ತದೆ, ಹದಿನಾರರವರೆಗೆ. ಏರಿದಂತೆ ಕವಚವೂ ಕಣ್ಣಿಗೆ ಕಾಣುವಂತೆ ಬದಲಾಗುತ್ತದೆ. ಪರ್ಸಿವಲ್‌ಗೆ ಮಾತ್ರ ಲೆವೆಲ್ ಏರಿದಂತೆ ತಲೆ ಬೋಳಾಗುತ್ತದೆ! ಅದನ್ನು ನೋಡಿದ ಮಗಳು ನನ್ನ ತಲೆ ನೋಡಿ, ‘ಅಪ್ಪಾ, ನಿಂದೂ ಲೆವೆಲ್ ಏರ್ತಿದೆ’ ಅಂದಳು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಬೇರೆ. ನೆಲದ ಮೇಲೆ ಊಟವೋ ನಿಧಿಯೋ ಬಿದ್ದಿರುತ್ತದೆ. ಎತ್ತಿಕೊಂಡರೆ ಪೂರ್ತಿ ಒಬ್ಬರಿಗೇ. ಎತ್ತದೆ ಅದಕ್ಕೇ ಕತ್ತಿ ಬೀಸಿದರೆ ಒಡೆದು ಸಣ್ಣ ಸಣ್ಣ ಪಾಲಾಗುತ್ತದೆ, ಎಲ್ಲರೂ ಹಂಚಿಕೊಳ್ಳಬಹುದು. ಕೇಳಲು ಸಣ್ಣ ವಿಷಯ, ಆದರೆ ಇಡೀ ಆಟ ನಿಂತಿರುವುದೇ ಇದರ ಮೇಲೆ. ನಿಧಿ ಎಂದರೆ ಅಂಕ, ಅಂಕ ಎಂದರೆ ಲೆವೆಲ್. ಅಣ್ಣನ ಮಗ ಅರ್ಧ ಜೀವ ಇರುವಾಗಲೂ ಊಟ ಒಡೆದು ತಂಗಿಗೆ ಬಿಡುತ್ತಾನೆ. ನಿಧಿ ಕಂಡರೆ ಅದೇ ಹುಡುಗ ಶತ್ರುಗಳನ್ನು ನಮ್ಮ ಮೇಲೆ ಬಿಟ್ಟು ಓಡುತ್ತಾನೆ. ಕುದುರೆ ಬಂದರಂತೂ ಕೇಳಲೇ ಬೇಡಿ. ಒಬ್ಬ ಹತ್ತಿದರೆ ಉಳಿದಿಬ್ಬರು ಕಾಲ್ನಡಿಗೆಯಲ್ಲೇ ಬಡಿದಾಡಬೇಕು.

ಏಟು ತಡೆಯುವ ಪಟ್ಟು ಇದರ ಇನ್ನೊಂದು ರುಚಿ. ಹೊಡೆಯುವ ಬಟನ್ ಒತ್ತಿ, ತಕ್ಷಣ ಕಂಟ್ರೋಲರ್‌ನ ಕಡ್ಡಿಯನ್ನು ಹಿಂದಕ್ಕೆ ಎಳೆಯಬೇಕು. ಶತ್ರುವಿನ ಏಟು ಅದೇ ಗಳಿಗೆಗೆ ಬಿದ್ದರೆ ‘ಠಣ್’ ಅಂತ ನಿಲ್ಲುತ್ತದೆ, ಸ್ವಲ್ಪ ಹೊತ್ತು ನಿಮಗೆ ಯಾರ ಏಟೂ ತಾಗುವುದಿಲ್ಲ. ಇದು ಕೈಗೆ ಕೂರುವವರೆಗೆ ದೊಡ್ಡ ವಿಲನ್‌ಗಳು ಚೆನ್ನಾಗಿ ಚಚ್ಚುತ್ತಾರೆ. ಮಕ್ಕಳಿಗೆ ಇದನ್ನು ಆಟವೇ ಸರಿಯಾಗಿ ಹೇಳಿಕೊಡಬೇಕಿತ್ತು. ಹೇಳುವುದಿಲ್ಲ, ನಾನೇ ಮೇಷ್ಟ್ರಾಗಬೇಕಾಯಿತು.

ತೊಂದರೆ ಎಂದರೆ, ಈ ಬಂಡಲ್‌ನಲ್ಲಿ ಸತ್ತಷ್ಟೂ ಸಲ ಪುಕ್ಕಟೆಯಾಗಿ ಎದ್ದು ಬರಬಹುದು. ನಮ್ಮ ಕಾಲದಲ್ಲಿ ಜೇಬಿನ ಕೊನೆಯ ನಾಣ್ಯ ಹಾಕುವಾಗ ಎದೆ ಡವಡವ ಅನ್ನುತ್ತಿತ್ತು, ಆ ಭಯವೇ ಇಲ್ಲಿಲ್ಲ. ಹೆದರಿಕೆಯಿಲ್ಲದೆ ಬಟನ್ ಗುದ್ದುತ್ತಾ ಹೋದರೆ ಬೇಗ ಮುಗಿದು ಬೇಸರ ಬರುತ್ತದೆ. ಅದಕ್ಕೇ ನಮ್ಮಲ್ಲಿ ತಲೆಗೆ ಐದೇ ನಾಣ್ಯ ಅಂತ ಕಾನೂನು. ಮುಗಿದವರು ಎದ್ದು ಎಲ್ಲರಿಗೂ ಮಜ್ಜಿಗೆ ತರಬೇಕು.

ಆನ್‌ಲೈನ್‌ನಲ್ಲೂ ಸೇರಿ ಆಡಬಹುದು, ನಾವು ಆ ಕಡೆ ಹೋಗಿಲ್ಲ. ಬಂಡಲ್ ಅನ್ನು ರಿಯಾಯಿತಿ ಬಂದಾಗ ತಗೊಂಡು, ಉಳಿದ ದುಡ್ಡನ್ನು ಇನ್ನೊಂದು ಕಂಟ್ರೋಲರ್‌ಗೆ ಹಾಕಿ. ಕೀಬೋರ್ಡ್‌ನಲ್ಲಿ ಆ ತಡೆಯುವ ಪಟ್ಟು ನನಗಂತೂ ಕೈಗೆ ಕೂರಲೇ ಇಲ್ಲ.