ಕಾರ್ಪೆಟ್ ಎತ್ತಿ ನೋಡದೆ ಹಳೆ ಕಾರು ಕೊಳ್ಳಬೇಡಿ

ಅಪ್ಪನನ್ನು ತಿಂಗಳಿಗೆ ಎರಡು ಸಲ ಶಿರಸಿಯಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬಸ್ಸಿನ ಕುಲುಕಾಟ ಅವರ ಬೆನ್ನಿಗೆ ಆಗುತ್ತಿರಲಿಲ್ಲ. ಹಾಗಾಗಿ 2023ರ ಜನವರಿಯಲ್ಲಿ ಕಾರವಾರದ ಒಬ್ಬ ಡೀಲರ್ ಹತ್ತಿರ 2016ರ ಡೀಸೆಲ್ ಸೆಡಾನ್ ಕೊಂಡೆವು. ಒಬ್ಬರೇ ಓನರ್, ಮೀಟರಿನಲ್ಲಿ 78 ಸಾವಿರ ಕಿಲೋಮೀಟರ್, ಬೆಲೆ 4,60,000. ಬಣ್ಣ ಫಳಫಳ, ಎಂಜಿನ್ ಸದ್ದು ಮೆತ್ತಗೆ, ಬಾಗಿಲು ತೆರೆದರೆ ಮೂಗಿಗೆ ರಾಚುವ ಮಲ್ಲಿಗೆ ಸೆಂಟು. ಇಷ್ಟೊಂದು ಸೆಂಟು ಯಾಕೆ ಹೊಡೆದಿದ್ದಾರೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಮಾರ್ಚಿನಲ್ಲಿ ಎಸಿ ಕೈಕೊಟ್ಟಿತು. ಗ್ಯಾಸ್ ತುಂಬಿಸಿದರೆ ಇಪ್ಪತ್ತು ದಿನಕ್ಕೆ ಖಾಲಿ. ಕೊನೆಗೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಕೂಲಿಂಗ್ ಕಾಯಿಲ್ ಬದಲಿಸಿದರು, 18,500 ರೂಪಾಯಿ. ಹಳೆ ಕಾರಲ್ಲವೇ, ಇಷ್ಟು ಇದ್ದದ್ದೇ ಎಂದುಕೊಂಡೆವು.

ಜೂನ್ ಕೊನೆಯಲ್ಲಿ ಕುಮಟಾದ ಚಿಕ್ಕಮ್ಮನ ಮನೆಯಿಂದ ವಾಪಸ್ ಬರುತ್ತಿದ್ದೆವು. ದೇವಿಮನೆ ಘಟ್ಟದ ತಿರುವಿನಲ್ಲಿ, ಜಡಿಮಳೆಯಲ್ಲಿ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಗೇ ಹತ್ತಿ ಎಂಜಿನ್ ಬಂದ್ ಆಯಿತು. ಸ್ಟೀರಿಂಗ್ ಕಲ್ಲಿನಂತೆ ಬಿಗಿಯಿತು. ಹಿಂದೆ ಅಪ್ಪ, ಅದರ ಹಿಂದೆ ಲಾರಿ. ಹೇಗೋ ಅಂಚಿಗೆ ಹಾಕಿದೆ. ಎಳೆದೊಯ್ಯುವ ಗಾಡಿ ಬರುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಅಪ್ಪ ಒಂದು ಮಾತೂ ಆಡದೆ ಕೂತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಕೈ ನಡುಗುತ್ತದೆ.

ಮರುದಿನ ಶಿರಸಿಯ ಗ್ಯಾರೇಜಿನವರು ಫೋನ್ ಮಾಡಿ, “ಅಕ್ಕೋರೇ, ಒಮ್ಮೆ ಬಂದು ನೋಡಿ ಹೋಗಿ” ಅಂದರು. ಡ್ರೈವರ್ ಸೀಟು ಬಿಚ್ಚಿ, ಕಾರ್ಪೆಟ್ ಮಡಚಿಟ್ಟಿದ್ದರು. ಅಡಿಯಲ್ಲಿ ಬೂದಿಯಂಥ ನುಣುಪಾದ ಕೆಸರು ಒಣಗಿ ಕೂತಿತ್ತು. ಸೀಟಿನ ಬೋಲ್ಟುಗಳಿಗೆ ತುಕ್ಕು, ವೈರಿಂಗ್ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು. ಸೀಟ್ ಬೆಲ್ಟನ್ನು ಕೊನೆತನಕ ಎಳೆದು ತೋರಿಸಿದರು. ಯಾರೂ ಎಳೆಯದ ಆ ಕೊನೆಯಲ್ಲಿ ಕೆಂಪುಮಣ್ಣಿನ ಕಲೆ ಹಾಗೇ ಉಳಿದಿತ್ತು. “ಇದು ನೆರೆ ನೀರಲ್ಲಿ ನಿಂತ ಗಾಡಿ.”

ಆ ರಾತ್ರಿ ಹಳೆ ಓನರಿನ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿದೆ. ಕ್ಲೇಮ್ ಮಾಡದೆ ಒಂದು ವರ್ಷ ಕಳೆದರೆ ನೋ ಕ್ಲೇಮ್ ಬೋನಸ್ ಎಂಬ ಪ್ರೀಮಿಯಂ ರಿಯಾಯಿತಿ 20%, ಆಮೇಲೆ 25, 35, 45, ಐದನೇ ವರ್ಷಕ್ಕೆ 50%. ಒಮ್ಮೆ ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ. ಆರು ವರ್ಷ ಒಬ್ಬರದೇ ಕೈಯಲ್ಲಿದ್ದ, ಕ್ಲೇಮೇ ಆಗದ ಕಾರಿಗೆ 50% ಇರಬೇಕು. 2022ರ ನವೆಂಬರಿನ ಆ ಪಾಲಿಸಿಯಲ್ಲಿದ್ದದ್ದು 20%. ಅಂದರೆ ಅದರ ಹಿಂದಿನ ನವೆಂಬರಿಗೆ ಅದು ಸೊನ್ನೆಯಾಗಿತ್ತು, ಅದಕ್ಕೂ ಮೊದಲಿನ ಒಂದು ವರ್ಷದೊಳಗೆ ಕ್ಲೇಮ್ ಆಗಿತ್ತು. 2021ರ ಜುಲೈನಲ್ಲಿ ಗಂಗಾವಳಿ ನದಿ ಉಕ್ಕಿ ಅಂಕೋಲಾ ಕಡೆಯ ಊರುಗಳು ಮುಳುಗಿದ್ದು ನಮಗೆಲ್ಲ ಗೊತ್ತು. ಸುಳಿವು ಐದು ತಿಂಗಳಿಂದ ನಮ್ಮ ಕಪಾಟಿನಲ್ಲೇ ಇತ್ತು. ದಯವಿಟ್ಟು ಹಣ ಕೊಡುವ ಮೊದಲು ಆ ಒಂದು ಸಾಲು ಓದಿ. ಕಾರು ತಯಾರಿಸಿದ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಹಳೆ ದಾಖಲೆಯನ್ನೂ ಕೇಳಿ. ಪ್ರತಿ ಸಲದ ಕಿಲೋಮೀಟರ್ ಅಲ್ಲಿ ಬರೆದಿರುತ್ತಾರೆ, ಮೀಟರ್ ತಿರುಗಿಸಿದ್ದರೆ ಗೊತ್ತಾಗುತ್ತದೆ.

ವೈರಿಂಗ್ ಮತ್ತು ಕಂಟ್ರೋಲ್ ಯೂನಿಟ್ಟಿಗೆ 41,000, ಎಳೆದು ತಂದದ್ದಕ್ಕೆ 6,500 ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ದೀಪಾವಳಿ ಹೊತ್ತಿಗೆ ಕ್ಲಚ್. ಇದಕ್ಕೂ ನೆರೆಗೂ ಸಂಬಂಧವಿಲ್ಲ, ಇಂಥ ಡೀಸೆಲ್ ಸೆಡಾನುಗಳ ಮಾಮೂಲಿ ಖರ್ಚು ಇದು. ಎಂಜಿನ್ನಿನ ಅದುರು ಒಳಗೆ ಬಾರದಿರಲಿ ಎಂದು ಹಲವು ಕಾರುಗಳಲ್ಲಿ ಎಂಜಿನ್ನಿಗೂ ಕ್ಲಚ್ಚಿಗೂ ಮಧ್ಯೆ ಡ್ಯುಯಲ್ ಮಾಸ್ ಫ್ಲೈವೀಲ್, ಅಂದರೆ ನಡುವೆ ಸ್ಪ್ರಿಂಗ್ ಇರುವ ಎರಡು ಭಾಗದ ಭಾರದ ಚಕ್ರ, ಹಾಕಿರುತ್ತಾರೆ. ಅದು ಸವೆದರೆ ನಿಂತಲ್ಲೇ ಕಟಕಟ ಸದ್ದು, ಎಂಜಿನ್ ಆರಿಸುವಾಗ ‘ದಡ್’ ಎಂಬ ಹೊಡೆತ. ಕ್ಲಚ್ ಜೊತೆ ಸೇರಿ ನಮಗೆ 64,000 ಬಿತ್ತು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಎರಡು ಇಂಜೆಕ್ಟರಿಗೆ ಮತ್ತೆ 38,000. ಕಾರು ಹತ್ತು ಲಕ್ಷದಿಂದ ನಾಲ್ಕೂವರೆಗೆ ಇಳಿದಿರಬಹುದು, ಅದರ ಪಾರ್ಟ್ಸ್ ಬೆಲೆ ಹತ್ತು ಲಕ್ಷದ ಕಾರಿನದೇ. ಹನ್ನೊಂದು ತಿಂಗಳಲ್ಲಿ ನಾವು ಸುರಿದದ್ದು ಒಟ್ಟು 1,68,000.

ಟೆಸ್ಟ್ ಡ್ರೈವ್ ಊರೊಳಗೆ ಮಾಡಬೇಡಿ, ಏರಿಗೆ ಒಯ್ಯಿರಿ. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಕರಾವಳಿಯ ಗಾಡಿಯಾದರೆ ರ‍್ಯಾಂಪಿಗೆ ಏರಿಸಿ ಅಡಿ ನೋಡಲೇಬೇಕು. ಉಪ್ಪುಗಾಳಿ ಬ್ರೇಕ್ ಪೈಪು, ಸೈಲೆನ್ಸರ್ ತಿನ್ನುತ್ತದೆ. ಏಳು ವರ್ಷದ ಕಾರಿನ ಅಡಿಗೆ ಹೊಚ್ಚಹೊಸ ಕಪ್ಪು ಕೋಟಿಂಗ್ ಕಂಡರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ, ಒಳಗೆ ತುಕ್ಕು ಮುಚ್ಚಿಟ್ಟಿರಬಹುದು.

ಡೀಲರ್ ‘ಇದ್ದ ಸ್ಥಿತಿಯಲ್ಲೇ ಮಾರಾಟ’ ಎಂದು ನಾನು ಸಹಿ ಹಾಕಿದ ಕಾಗದ ತೋರಿಸಿ ಕೈತೊಳೆದುಕೊಂಡರು. ಕಾರವಾರದ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಕಾಶವಿದೆ. ಅಪ್ಪನ ಚಿಕಿತ್ಸೆಯ ನಡುವೆ ನಾನು ಹೋಗಲಿಲ್ಲ, ನೀವು ಬಿಡಬೇಡಿ. ನೆರೆ ನೀರು ಹೊಕ್ಕಿಲ್ಲ ಎಂದು ಮೊದಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಎದ್ದು ಬನ್ನಿ.

ಡಿಸೆಂಬರಿನಲ್ಲಿ ಕಾರು ಮಾರಿದೆವು. ನೋಡಲು ಬಂದವರಿಗೆ ಕಾರ್ಪೆಟ್ಟನ್ನು ನಾನೇ ಎತ್ತಿ ತೋರಿಸಿದೆ, ಬಿಲ್ಲುಗಳ ಫೈಲನ್ನೂ ಕೈಗಿತ್ತೆ. ಮೂವರು ನೋಡಿ ಹಾಗೇ ಹೋದರು. ನಾಲ್ಕನೆಯವರು 1,90,000ಕ್ಕೆ ಒಯ್ದರು.