ಆಟೋಕ್ರಾಸ್‌ಗೂ ಆಫೀಸಿಗೂ ಒಂದೇ ಸೆಟ್ ಟೈರ್: ಸವೆಯುವವರೆಗೆ ಓಡಿಸಿ ನೋಡಿದ ಮೇಲೆ

ಈ ಟೈರ್ ಮೇಲೆ ನನಗಿರುವ ಸಿಟ್ಟು ಒಂದೇ. ಅದು ಸವೆದಷ್ಟೂ ಭಾನುವಾರದ ಆಟೋಕ್ರಾಸ್‌ನಲ್ಲಿ (ಕೋನ್ ನಿಲ್ಲಿಸಿ ಮಾಡಿದ ದಾರಿಯಲ್ಲಿ ಒಬ್ಬೊಬ್ಬರಾಗಿ ಸಮಯಕ್ಕೆ ಪೈಪೋಟಿಯಿಂದ ಓಡಿಸುವ ಆಟ) ಚೆನ್ನಾಗಿ ಓಡುತ್ತದೆ, ಸವೆದಷ್ಟೂ ಸೋಮವಾರದ ಮಳೆಯಲ್ಲಿ ಹೆದರಿಸುತ್ತದೆ. ಹೊಸ ಟೈರ್ ಹಾಕಿಸಿ ಒಂದು ವಾರಕ್ಕೆ ಬರೆಯುವ ವಿಮರ್ಶೆಗಳಲ್ಲಿ ಈ ವಿಷಯ ಬರುವುದೇ ಇಲ್ಲ. ಹೇಗೆ ಬರಬೇಕು? ಆಗ ಟೈರ್ ಎರಡೂ ಕಡೆ ಒಳ್ಳೆಯದೇ.

ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. 200 ಟ್ರೆಡ್‌ವೇರ್ (ಸವೆತದ ಅಂಕ) ಇರುವ ಟೈರ್‌ಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿ, ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. ನನ್ನದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್. ದಿನಾ ಆಫೀಸಿಗೆ ಹೋಗುವುದೂ ಅದರಲ್ಲೇ, ಕೋನ್‌ಗಳ ನಡುವೆ ತಿರುಚಾಡಿಸುವುದೂ ಅದನ್ನೇ. ಎರಡನೇ ಸೆಟ್ ಚಕ್ರ ಇಡಲು ಮನೆಯಲ್ಲಿ ಜಾಗ ಇಲ್ಲ, ಕೊಳ್ಳಲು ಕೈಯಲ್ಲಿ ಅಷ್ಟು ದುಡ್ಡೂ ಇಲ್ಲ. ಈ ಎರಡು ಇದ್ದವರಿಗೆ ಈ ಬರಹದ ಅಗತ್ಯವೂ ಇಲ್ಲ. ಬೀದಿಗೊಂದು, ಆಟಕ್ಕೊಂದು ಅಂತ ಎರಡು ಸೆಟ್ ಇಟ್ಟುಕೊಂಡು ಸುಖವಾಗಿರಿ.

ಮೊದಲು ಆ 200ರ ಬಗ್ಗೆ. ಅದು ಅಮೆರಿಕದ ಗ್ರೇಡಿಂಗ್ ಪದ್ಧತಿಯ ನಂಬರ್. 100 ಅಂಕದ ಮಾದರಿ ಟೈರ್‌ಗಿಂತ ಇದು ಎಷ್ಟು ಪಟ್ಟು ಬಾಳುತ್ತದೆ ಅನ್ನುವ ಲೆಕ್ಕ. ಪರೀಕ್ಷೆ ಮಾಡಿ ನಂಬರ್ ಹಾಕುವುದು ಟೈರ್ ಕಂಪನಿಯೇ. ಅಲ್ಲಿ ಆಟೋಕ್ರಾಸ್ ನಡೆಸುವ ಎಸ್‌ಸಿಸಿಎ ಕ್ಲಬ್ ಬೀದಿ ಕಾರುಗಳ ತನ್ನ ಸ್ಟ್ರೀಟ್ ಕ್ಲಾಸ್‌ಗಳಲ್ಲಿ 200ಕ್ಕಿಂತ ಕಡಿಮೆ ನಂಬರಿನ ಟೈರ್ ಬಿಡುವುದಿಲ್ಲ. ಹಾಗಾಗಿ ಅಂಟು ಟೈರ್ ಮಾಡುವ ಕಂಪನಿಗಳೆಲ್ಲ ಸರಿಯಾಗಿ ಆ ಗೆರೆಯ ಮೇಲೆಯೇ ಬಂದು ನಿಂತಿವೆ. ಯೊಕೊಹಾಮಾ ಎ052 ಮೇಲೂ 200, ಹ್ಯಾಂಕೂಕ್ ಆರ್‌ಎಸ್4 ಮೇಲೂ 200. ಆದರೆ ಮೊದಲನೆಯದು ಬೇಗ ಬಿಸಿಯಾಗಿ ಬೇಗ ಕರಗುವ ಸ್ವಭಾವದ್ದು, ಎರಡನೆಯದು ಬಾಳಿಕೆಗೆ ಹೆಸರಾದದ್ದು. ನಂಬರ್ ನೋಡಿ ಬಾಳಿಕೆ ಅಳೆಯುವುದು ಸುಮ್ನೆ ಕಾಲಹರಣ.

ಇನ್ನೊಂದು ವಿಷಯ. ಆಟೋಕ್ರಾಸ್‌ನ ಒಂದು ರನ್ ಸಾಮಾನ್ಯವಾಗಿ ಒಂದು ನಿಮಿಷದ ಒಳಗೇ ಮುಗಿಯುತ್ತದೆ. ರೇಸ್ ಟ್ರ್ಯಾಕ್‌ನಲ್ಲಿ ಸುತ್ತು ಹೊಡೆದು ಹೊಡೆದು ಬಿಸಿ ಆದಮೇಲೆ ಹಿಡಿಯುವ ಟೈರ್ ಇಲ್ಲಿ ಕೆಲಸಕ್ಕೆ ಬಾರದು. ಮೊದಲ ಕೋನ್‌ನಲ್ಲೇ ಕಚ್ಚಬೇಕು. ಮನೆಯಿಂದ ಹೊರಟ ಮೊದಲ ತಿರುವಿನಲ್ಲೇ ಹಿಡಿತ ಬೇಕಾದ ಬೀದಿ ಕಾರಿಗೂ ಇದು ಒಳ್ಳೆಯ ಗುಣವೇ. ಇಷ್ಟರ ಮಟ್ಟಿಗೆ ಎರಡೂ ಕೆಲಸಕ್ಕೆ ಜಗಳ ಇಲ್ಲ.

ಜಗಳ ಶುರುವಾಗುವುದು ಸವೆತದಲ್ಲಿ. ಸಾಮಾನ್ಯ ಟೈರ್ ಹೊಸದಿದ್ದಾಗ ಟ್ರೆಡ್, ಅಂದರೆ ರಸ್ತೆ ಮುಟ್ಟುವ ಮೈಯ ಗೀರುಗಳು, ಸುಮಾರು 8 ಮಿಲಿಮೀಟರ್ ಆಳ ಇರುತ್ತದೆ. ಈ ಜಾತಿಯವು ಅದಕ್ಕಿಂತ ಕಡಿಮೆಯಿಂದಲೇ ಶುರು. ಹೊಸದಾಗಿದ್ದಾಗ ಟ್ರೆಡ್ ಬ್ಲಾಕ್‌ಗಳು ಎತ್ತರ ಇರುತ್ತವೆ, ಜೋರಾಗಿ ತಿರುಗಿಸಿದರೆ ಬಳುಕುತ್ತವೆ. ಸ್ಟೀರಿಂಗ್ ತಿರುಗಿಸುವುದಕ್ಕೂ ಕಾರು ತಿರುಗುವುದಕ್ಕೂ ನಡುವೆ ಒಂದು ಚೂರು ಆಲಸ್ಯ ಇರುತ್ತದೆ. ಅರ್ಧ ಸವೆದ ಮೇಲೆ ಬ್ಲಾಕ್‌ಗಳು ಗಿಡ್ಡ ಆಗುತ್ತವೆ, ಬಳುಕು ಹೋಗುತ್ತದೆ. ಆಗ ಈ ಟೈರ್ ಏನು ಚೆಂದ ಅಂತೀರಿ! ಸ್ಲಾಲಮ್‌ನಲ್ಲಿ (ಸಾಲು ಕೋನ್‌ಗಳ ನಡುವೆ ಅಂಕುಡೊಂಕಾಗಿ ಹೋಗುವಲ್ಲಿ) ಕೈ ಅಂದುಕೊಂಡ ಕಡೆ ಕಾರಿನ ಮೂತಿ ಇರುತ್ತದೆ. ಗಂಭೀರವಾಗಿ ಆಡುವವರು ಹೊಸ ಟೈರನ್ನೇ ಯಂತ್ರದಲ್ಲಿ ಕೊಟ್ಟು ಟ್ರೆಡ್ ಹೆರೆಸಿಕೊಂಡು ಬರುವುದೂ ಇದಕ್ಕೇ. ನಮಗೆ ಅದು ತಾನಾಗಿಯೇ ಆಗುತ್ತದೆ, ಕಾಯಬೇಕು ಅಷ್ಟೇ.

ಆ ಹೊತ್ತಿಗೆ ಸರಿಯಾಗಿ ಮಳೆ ಬರುತ್ತದೆ.

ಹೊಸದಿದ್ದಾಗ ಒದ್ದೆ ರಸ್ತೆಯಲ್ಲಿ ನನಗೆ ದೂರೇ ಇರಲಿಲ್ಲ. ರಬ್ಬರ್ ಅಂಟು ಇರುವುದರಿಂದ ಬ್ರೇಕ್ ಹಿಡಿತ ಹಿಂದಿನ ಟೈರಿಗಿಂತ ಜಾಸ್ತಿಯೇ ಅನ್ನಿಸುತ್ತಿತ್ತು. ಅಂಟು ಈಗಲೂ ಇದೆ, ಆದರೆ ನೀರು ಹೊರಗೆ ತಳ್ಳುವ ಕಾಲುವೆಗಳಿಲ್ಲ. ಹೆದ್ದಾರಿಯಲ್ಲಿ ನಿಂತ ನೀರು ಸಿಕ್ಕರೆ ಟೈರ್ ಅದರ ಮೇಲೆ ತೇಲುತ್ತದೆ, ಸ್ಟೀರಿಂಗ್ ಒಮ್ಮೆಲೇ ಹಗುರವಾಗುತ್ತದೆ. ಆ ಹಗುರ ಒಂದು ಸಲ ಕೈಗೆ ತಿಳಿದರೆ ಆಮೇಲೆ ಮೋಡ ಕಂಡರೂ ಕಾಲು ತಾನೇ ಆಕ್ಸಿಲರೇಟರ್ ಬಿಡುತ್ತದೆ. ಬಹಳಷ್ಟು ದೇಶಗಳಲ್ಲಿ ಕಾನೂನಿನ ಮಿತಿ 1.6 ಮಿಲಿಮೀಟರ್. ನಿಂತ ನೀರಿನ ಭಯ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗುತ್ತದೆ. ನನ್ನ ಮಟ್ಟಿಗೆ 3 ಮಿಲಿಮೀಟರ್‌ಗೆ ಇಳಿದ ಟೈರ್ ಮಳೆಗೆ ಸತ್ತಂತೆಯೇ. ಭಾನುವಾರಕ್ಕೆ ಮಾತ್ರ ಅದು ಆಗ ತಾನೇ ಹರೆಯಕ್ಕೆ ಬಂದಿರುತ್ತದೆ.

ಸಿಟ್ಟಿನ ಇನ್ನೊಂದು ಭಾಗ ಸದ್ದು. ಮೊದಮೊದಲು ಇರಲಿಲ್ಲ. ಬ್ಲಾಕ್‌ಗಳು ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ತಗ್ಗಾಗಿ ಸವೆದ ಹಾಗೆಲ್ಲ ಗೊಂಯ್ ಅನ್ನುವ ಶಬ್ದ ಬೆಳೆಯಿತು. ವೀಲ್ ಬೇರಿಂಗ್ ಹೋಯಿತೇನೋ ಅಂತ ಮೆಕ್ಯಾನಿಕ್‌ಗೂ ತೋರಿಸಿದೆ. ಬೇರಿಂಗ್ ಚೆನ್ನಾಗಿತ್ತು. ಈಗ ಫೋನ್‌ನಲ್ಲಿ ಮಾತಾಡುವವರು 'ಎಲ್ಲಿದ್ದೀಯ, ವಿಮಾನದಲ್ಲಾ?' ಅಂತ ಕೇಳುತ್ತಾರೆ. ಯುರೋಪಿನ ಲೇಬಲ್‌ನಲ್ಲಿರುವ ಡೆಸಿಬಲ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಅದು ಕಾರಿನ ಹೊರಗಿನ ಸದ್ದು, ಒಳಗೆ ಕೂತವರಿಗೆ ಕೇಳುವುದಲ್ಲ.

ಇಷ್ಟೆಲ್ಲ ಬೈದು, ಮತ್ತೆ ಯಾಕೆ ಇದೇ ಟೈರ್ ಇಟ್ಟುಕೊಂಡಿದ್ದೀಯ ಅಂತ ಕೇಳಿದರೆ, ಉತ್ತರ ಭಾನುವಾರದ ಬೆಳಗ್ಗೆಯಲ್ಲಿದೆ.

ಜಾಗಕ್ಕೆ ತಲುಪಿದ ಕೂಡಲೇ ಡಿಕ್ಕಿ ಖಾಲಿ ಮಾಡುವುದು. ವೀಲ್ ನಟ್ ಬಿಗಿ ನೋಡುವುದು. ಆಮೇಲೆ ನನ್ನ ಪ್ರೀತಿಯ ಕೆಲಸ: ಬಿಳಿ ಶೂ ಪಾಲಿಶ್ ಬಾಟಲಿ ತೆಗೆದು, ಟ್ರೆಡ್ ಅಂಚಿನಿಂದ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಬರುವ ಹಾಗೆ ಗೆರೆ ಎಳೆಯುವುದು. ಒಂದೊಂದು ಟೈರ್‌ಗೂ ಮೂರು ಕಡೆ. ಸೈಡ್‌ವಾಲ್ ಅಂಚಿನಲ್ಲಿ ಪುಟ್ಟ ತ್ರಿಕೋನದ ಗುರುತು ಇರುತ್ತದೆ, ನೋಡಿರುತ್ತೀರಿ. ರನ್ ಮುಗಿದ ಮೇಲೆ ಬಿಳಿ ಗೆರೆ ಆ ತ್ರಿಕೋನದವರೆಗೆ ಅಳಿಸಿದ್ದರೆ ಗಾಳಿ ಸರಿ ಇದೆ. ಅದನ್ನೂ ದಾಟಿ ಅಳಿಸಿದ್ದರೆ ಟೈರ್ ಮಗುಚುತ್ತಿದೆ, ಗಾಳಿ ಹಾಕಬೇಕು. ಅಲ್ಲಿಗೆ ಮುಟ್ಟಿಯೇ ಇಲ್ಲದಿದ್ದರೆ ಇನ್ನಷ್ಟು ಇಳಿಸಬಹುದು. ಟೈರ್ ಬಿಸಿಯಾಗುತ್ತಾ ಹೋದ ಹಾಗೆ ಒತ್ತಡ ಏರುತ್ತದೆ. ಸುಮಾರು 5-6 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಪಿಎಸ್‌ಐ ಲೆಕ್ಕ. ಹಾಗಾಗಿ ಪ್ರತಿ ರನ್ ಆದಮೇಲೂ ಗೇಜ್ ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ. ಟ್ರೆಡ್ ಮೇಲೆ ಅಂಗೈ ಇಟ್ಟು ಬಿಸಿ ನೋಡುವುದು. ಒಂದೇ ಕಾರನ್ನು ಇಬ್ಬರು ಓಡಿಸುವ ದಿನ ಟೈರ್ ತಣಿಯಲು ಪುರುಸೊತ್ತೇ ಸಿಗುವುದಿಲ್ಲ. ಆಗ ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ನೀರು ಚಿಮುಕಿಸುತ್ತೇವೆ. ಈ ಕೆಲಸಗಳಲ್ಲಿ ಸಿಗುವ ಖುಷಿ ಓಡಿಸುವುದರಲ್ಲಿ ಸಿಗುವಷ್ಟೇ ಇದೆ. ಕೆಲವು ದಿನ ಅದಕ್ಕಿಂತ ಜಾಸ್ತಿ.

ಸಂಜೆ ಮಾತ್ರ ಒಂದು ಕೆಲಸ ಬಿಡಬೇಡಿ: ಮತ್ತೆ ಗಾಳಿ ತುಂಬುವುದು. ಬಿಸಿ ಟೈರಿನಿಂದ ದಿನವಿಡೀ ಗಾಳಿ ಇಳಿಸಿರುತ್ತೀರಿ. ತಣ್ಣಗಾದಾಗ ಅದು ಬಾಗಿಲ ಸ್ಟಿಕ್ಕರ್‌ನಲ್ಲಿ ಬರೆದಿರುವುದಕ್ಕಿಂತ ತುಂಬಾ ಕೆಳಗೆ ಹೋಗಿರುತ್ತದೆ. ಗಾಳಿ ಕಡಿಮೆ ಇದ್ದರೆ ನೀರಿನ ಮೇಲೆ ತೇಲುವುದೂ ಬೇಗ. ಸವೆದ ಟ್ರೆಡ್, ಕಡಿಮೆ ಗಾಳಿ, ದಾರಿಯಲ್ಲಿ ಮಳೆ, ಮೂರೂ ಸೇರಿದರೆ ದೇವರೇ ಗತಿ. ಒಂದು ಸಣ್ಣ ಪಂಪ್ ಕಾರಿನಲ್ಲೇ ಇರಲಿ. ಮನೆಯವರೆಗೆ ಚಕ್ರದ ಗೂಡಿನಲ್ಲಿ ಟಕಟಕ ಅಂತ ಕಲ್ಲು ಹಾರುತ್ತವೆ, ಬಿಸಿ ರಬ್ಬರ್‌ಗೆ ಅಂಟಿಕೊಂಡು ಬಂದಿರುತ್ತವೆ. ಅದಕ್ಕೆ ಗಾಬರಿ ಬೇಡ.

ಬಾಳಿಕೆ ವಿಷಯದಲ್ಲಿ ನನ್ನ ಸಿಟ್ಟು ಸ್ವಲ್ಪ ಇಳಿದದ್ದು ಮುಂದಿನ ಟೈರ್‌ಗಳನ್ನು ಬಗ್ಗಿ ಸರಿಯಾಗಿ ನೋಡಿದ ಮೇಲೆ. ಹೊರ ಅಂಚು ಬೋಳು, ನಡುಭಾಗ ಇನ್ನೂ ಗಟ್ಟಿಮುಟ್ಟು. ಇದು ಟೈರಿನ ತಪ್ಪಲ್ಲ. ಕಂಪನಿಯಿಂದ ಬಂದ ಬೀದಿ ಕಾರಿನ ಮುಂದಿನ ಚಕ್ರಗಳಿಗೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಕಾರಿನ ಒಳಕ್ಕೆ ವಾಲಿರುವುದು) ತೀರಾ ಕಡಿಮೆ. ತಿರುವಿನಲ್ಲಿ ಬಾಡಿ ವಾಲಿದಾಗ ಟೈರ್ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಕ್ಯಾಂಬರ್ ಬೋಲ್ಟ್ ಹಾಕಿಸಿ, ನಿಯಮ ಬಿಡುವಷ್ಟು ಒಳಕ್ಕೆ ವಾಲಿಸಿಕೊಂಡೆ. ಹಾಗೆ ಮಾಡಿದರೆ ಬೀದಿಯಲ್ಲಿ ಒಳ ಅಂಚು ಸವೆಯುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಸ್ವಲ್ಪ ಸವೆಯುತ್ತದೆ, ಆದರೆ ಟೈರ್ ತಿನ್ನುವ ದೊಡ್ಡ ಕಳ್ಳ ಟೋ (ಮೇಲಿಂದ ನೋಡಿದರೆ ಚಕ್ರಗಳು ನೇರ ಇರದೆ ಒಳಕ್ಕೋ ಹೊರಕ್ಕೋ ತಿರುಗಿರುವುದು). ಕ್ಯಾಂಬರ್ ಮುಟ್ಟಿದ ಮೇಲೆ ಟೋ ಸರಿಮಾಡಿಸದೆ ಅಲೈನ್‌ಮೆಂಟ್ ಅಂಗಡಿಯಿಂದ ಹೊರಗೆ ಬರಬೇಡಿ. ಈಗ ಸವೆತ ಸಮ ಇದೆ.

ಮಳೆಯ ಜಗಳ ಮಾತ್ರ ಕ್ಯಾಂಬರ್‌ನಿಂದ ಬಗೆಹರಿಯುವುದಲ್ಲ. ಅದಕ್ಕೆ ನನಗೆ ಹೊಳೆದ ದಾರಿ ಟೈರ್ ಬದಲಾಯಿಸುವ ತಿಂಗಳನ್ನು ಬದಲಾಯಿಸುವುದು. ಎಲ್ಲರೂ ಆಟದ ಸೀಸನ್ ಶುರುವಿಗೆ ಹೊಸ ಸೆಟ್ ಹಾಕಿಸುತ್ತಾರೆ. ನಾನು ಮಳೆಗಾಲದ ಬಾಗಿಲಲ್ಲಿ ಹಾಕಿಸುತ್ತೇನೆ. ಟ್ರೆಡ್ ಆಳ ಇರುವಾಗ ಮಳೆ ಕಳೆದುಹೋಗಲಿ, ಒಣ ತಿಂಗಳು ಬರುವ ಹೊತ್ತಿಗೆ ಅರ್ಧ ಸವೆದು ಕೋನ್‌ಗೆ ಹದವಾಗಲಿ. ಪೂರ್ತಿ ಬೋಳಾಗುವವರೆಗೆ ಎಳೆಯುವ ಆಸೆ ಬೇಡ. ಬಿಸಿಯಾಗಿ ತಣ್ಣಗಾಗಿ ರಬ್ಬರ್ ಗಟ್ಟಿಯಾಗುತ್ತದೆ, ಕೊನೆಗೆ ಆಟಕ್ಕೂ ಇರುವುದಿಲ್ಲ. ಚಳಿ ಜಾಸ್ತಿ ಇರುವ ಊರಿನವರಿಗೆ ಈ ಲೆಕ್ಕ ನಡೆಯುವುದಿಲ್ಲ. 7 ಡಿಗ್ರಿಗಿಂತ ಕೆಳಗೆ ಈ ರಬ್ಬರ್ ಹಿಡಿತ ಬಿಡುತ್ತದೆ, ಹೆಪ್ಪುಗಟ್ಟುವ ಚಳಿಯಲ್ಲಂತೂ ಬಿರುಕು ಬಿಡುವ ಅಪಾಯವೂ ಇದೆ.

ವರ್ಷಕ್ಕೆ ಎಲ್ಲೋ ಒಂದೆರಡು ಸಲ ಆಡುವವರು, ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ದೂರ ಹೋಗುವವರು 200ರ ಕಡೆ ತಿರುಗಿಯೂ ನೋಡಬೇಡಿ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಥರದ, 300ರ ಆಸುಪಾಸಿನ ಟೈರ್ ಸಾಕು. ಕೆಲವು ಸೆಕೆಂಡ್ ಹೋಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ತಿಂಗಳು ತಿಂಗಳು ಆಡುವವರು, ಮಳೆ ಬಂದರೆ ನಿಧಾನಕ್ಕೆ ಹೋಗುವ ತಾಳ್ಮೆ ಇರುವವರು 200 ತೆಗೆದುಕೊಳ್ಳಿ. ನಾನು ಮತ್ತೆ ಅದನ್ನೇ ಹೇಳಿ ಬಂದಿದ್ದೇನೆ. ಅಂಗಡಿಯವರಿಗೆ ಒಂದೇ ಷರತ್ತು ಹಾಕಿದೆ: ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ನೋಡಿಯೇ ದುಡ್ಡು ಕೊಡುವುದು. ಅದು ಟೈರ್ ತಯಾರಾದ ದಿನದ ಗುರುತು: ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಅಂಕಿ ವರ್ಷ. 1524 ಅಂದರೆ 2024ರ 15ನೇ ವಾರ. ಗೋದಾಮಿನಲ್ಲಿ ವರ್ಷಗಟ್ಟಲೆ ಮುದುಕಾದ ಅಂಟು ಟೈರ್ ನನಗೆ ಬೇಡ.